ಡೇರೆ ಗಡ್ಡೆ: ಕೃತ್ತಿಕೆ ಮಳೆಯಿಂದ ಪುನರ್ವಸುವಿನವರೆಗೆ

ಮಲೆನಾಡಿನ ಅಂಗಳದಲ್ಲಿ ಡೇರೆ (ಡೇಲಿಯಾ) ಗಿಡ ಸಾಯುವುದಿದ್ದರೆ ಹೆಚ್ಚಾಗಿ ಮೊದಲ ಆರೇಳು ವಾರಗಳಲ್ಲೇ ಸಾಯುತ್ತದೆ. ಕಾರಣವೂ ಬಹಳ ಸಲ ಒಂದೇ: ಎಲೆ ಬರುವ ಮೊದಲೇ ಬುಡದಲ್ಲಿ ನೀರು. ಹುಳು, ರೋಗ, ಗೊಬ್ಬರದ ಕೊರತೆ ಎಲ್ಲ ಆಮೇಲಿನ ಮಾತು. ಈ ಆರೇಳು ವಾರ ದಾಟಿಸಿದರೆ ಚೌತಿಯಿಂದ ದೀಪಾವಳಿಯವರೆಗೆ ಹೂವಿಗೆ ಬರವಿಲ್ಲ. ಹಾಗಾಗಿ ಈ ಬರಹ ಪೂರ್ತಿ ಆ ಅವಧಿಯದ್ದೇ. ಹೂ ಬಿಟ್ಟ ಮೇಲಿನ ಆರೈಕೆ, ಗಡ್ಡೆ ಕಿತ್ತು ಕಾಪಿಡುವ ಕ್ರಮ ಇಲ್ಲಿಲ್ಲ. ದಿನಗಳ ಲೆಕ್ಕವನ್ನು ಸಾಗರ, ಸಿರ್ಸಿ, ತೀರ್ಥಹಳ್ಳಿ, ಕೊಪ್ಪ ಕಡೆಯ ಮಳೆಗೆ ಹೊಂದಿಸಿ ಹೇಳಿದ್ದೇನೆ. ಬಯಲುಸೀಮೆಯವರಿಗೆ ಬೇಕಾದ ಬದಲಾವಣೆ ಕೊನೆಯಲ್ಲಿದೆ.

ಡೇರೆ ಮೂಲತಃ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಎತ್ತರದ ಗುಡ್ಡಗಳ ಗಿಡ. ಮೆಕ್ಸಿಕೋ ಅದನ್ನು 1963ರಲ್ಲಿ ತನ್ನ ರಾಷ್ಟ್ರೀಯ ಹೂವೆಂದು ಘೋಷಿಸಿತು. ಅಲ್ಲಿಯೂ ಚಳಿಗಾಲ ಒಣ, ಮಳೆ ಶುರುವಾಗುವುದು ಮೇ-ಜೂನ್ ಹೊತ್ತಿಗೆ. ಒಣಗಾಲದಲ್ಲಿ ಮಣ್ಣಿನೊಳಗೆ ಮಲಗಿದ್ದ ಗಡ್ಡೆ ಮಳೆಯ ಹೊತ್ತಿಗೆ ಏಳುತ್ತದೆ, ಮಳೆ ಮುಗಿಯುತ್ತಾ ಬಂದಾಗ ಹೂ ತುಂಬುತ್ತದೆ. ನಮ್ಮ ಮುಂಗಾರಿನ ಕ್ಯಾಲೆಂಡರಿಗೆ ಅದು ಇಷ್ಟು ಸಲೀಸಾಗಿ ಹೊಂದಿಕೊಂಡದ್ದು ಇದರಿಂದಲೇ. ಆದರೆ ಕಾಲ ಹೊಂದುತ್ತದೆ, ಪ್ರಮಾಣ ಹೊಂದುವುದಿಲ್ಲ. ಮೆಕ್ಸಿಕೋ ನಗರದಲ್ಲಿ ಇಡೀ ವರ್ಷ ಬೀಳುವ ಮಳೆ ಸಾಮಾನ್ಯವಾಗಿ 1000 ಮಿ.ಮೀ. ದಾಟುವುದಿಲ್ಲ. ಆಗುಂಬೆಯ ಸರಾಸರಿ 7000 ಮಿ.ಮೀ. ಮೀರುತ್ತದೆ. ಅದೂ ಅಲ್ಲಿ ನೀರು ಇಳಿಜಾರಿನ ಕಲ್ಲುಮಣ್ಣಿನಲ್ಲಿ ಬಸಿದು ಹೋಗುತ್ತದೆ, ನಮ್ಮ ಅಂಗಳದಲ್ಲಿ ನಿಲ್ಲುತ್ತದೆ. ಮುಂದೆ ಹೇಳುವ ಅರ್ಧಕ್ಕರ್ಧ ಕೆಲಸ ಈ ವ್ಯತ್ಯಾಸವನ್ನು ಸರಿದೂಗಿಸುವುದಕ್ಕೇ ಇರುವುದು.

ಗಡ್ಡೆ ನೋಡುವುದು, ಬಿಡಿಸುವುದು

ಭರಣಿ ಮಳೆಯ ಹೊತ್ತಿಗೆ, ಅಂದರೆ ಏಪ್ರಿಲ್ ಕೊನೆಯ ವಾರದಲ್ಲಿ, ಮರಳಿನಲ್ಲೋ ಬೂದಿಯಲ್ಲೋ ಕಾಪಿಟ್ಟ ಗಡ್ಡೆಗಳನ್ನು ಹೊರಗೆ ತೆಗೆದು ನೋಡಬೇಕು. ಆಲೂಗಡ್ಡೆಗೆ ಮೈತುಂಬ ಕಣ್ಣಿರುತ್ತದೆ. ಡೇರೆ ಗಡ್ಡೆಗೆ ಮೈಮೇಲೆ ಒಂದೂ ಇರುವುದಿಲ್ಲ. ಅದರ ಕಣ್ಣುಗಳೆಲ್ಲ ಇರುವುದು ಹಳೆಯ ಕಾಂಡದ ಬುಡ ಮತ್ತು ಗಡ್ಡೆಯ ಕುತ್ತಿಗೆ ಕೂಡುವ ಒಂದೇ ಒಂದು ಸುತ್ತಿನಲ್ಲಿ. ಅದನ್ನು ಗಡ್ಡೆಯ ತಲೆ ಎನ್ನೋಣ. ಕೈಗಾತ್ರದ ದಪ್ಪ ಗಡ್ಡೆಯಾಗಿದ್ದರೂ ತಲೆಯ ತುಣುಕು ಇಲ್ಲದಿದ್ದರೆ ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಕೂತರೂ ಚಿಗುರುವುದಿಲ್ಲ. ಬೇರು ಬೇಕಾದರೆ ಬಿಟ್ಟೀತು, ಚಿಗುರಂತೂ ಇಲ್ಲ. ಕುತ್ತಿಗೆ ಮುರಿದು ಜೋತಾಡುತ್ತಿರುವ ಗಡ್ಡೆಯದ್ದೂ ಇದೇ ಕತೆ. ಹೊರಗಿನ ಸಿಪ್ಪೆ ಕೂಡಿಕೊಂಡಿದ್ದರೂ ಒಳಗಿನ ನಾರು ತುಂಡಾಗಿರುತ್ತದೆ.

ಸ್ವಲ್ಪ ಸುಕ್ಕಾದ ಗಡ್ಡೆಗೆ ಹೆದರಬೇಕಿಲ್ಲ, ಹಿಚುಕಿದರೆ ಗಟ್ಟಿಯಾಗಿದ್ದರೆ ಸಾಕು. ಒತ್ತಿದಲ್ಲಿ ಮೆತ್ತಗಾಗಿ ನೀರು ಬಂದರೆ, ಹುಳಿ ವಾಸನೆ ಇದ್ದರೆ, ಆ ಭಾಗವನ್ನು ಬಿಳಿ ತಿರುಳು ಕಾಣುವವರೆಗೆ ಕತ್ತರಿಸಬೇಕು. ಕೊಳೆ ತಲೆಯವರೆಗೆ ಹೋಗಿದ್ದರೆ ಅದು ಮುಗಿದಂತೆ. ಗೊಬ್ಬರದ ಗುಂಡಿಗೂ ಹಾಕದೆ ಸುಡುವುದು ಒಳ್ಳೆಯದು.

ಗಡ್ಡೆ ಬಿಡಿಸುವುದಕ್ಕೆ ಕಣ್ಣು ಉಬ್ಬುವವರೆಗೆ ಕಾಯಿರಿ. ಒಣಗಿದ ಗಡ್ಡೆಯಲ್ಲಿ ಕಣ್ಣು ಹುಡುಕುವುದು ಪಳಗಿದವರಿಗೂ ಕಷ್ಟ. ಒಂದು ಅಗಲ ಬುಟ್ಟಿಯಲ್ಲಿ ಎರಡು ಇಂಚು ಮರಳು ಅಥವಾ ತೆಂಗಿನ ನಾರಿನ ಪುಡಿ ಹರಡಿ, ಅದರ ಮೇಲೆ ಗಡ್ಡೆಗಳನ್ನು ತಲೆ ಹೊರಗೆ ಕಾಣುವ ಹಾಗೆ ಮಲಗಿಸಿ, ಬೆಳಕಿರುವ ಆದರೆ ಬಿಸಿಲು ನೇರ ಬೀಳದ ಜಗಲಿಯಲ್ಲಿಡಿ. ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಒಂದು ಹನಿಯೂ ಇಳಿಯಬಾರದು. ಅಷ್ಟೇ ಪಸೆ ಸಾಕು. ಮೇ ತಿಂಗಳ ಸೆಕೆಗೆ ಎರಡು ಮೂರು ವಾರದಲ್ಲಿ ತಲೆಯ ಸುತ್ತ ಹಸಿರು ಅಥವಾ ನಸುಗೆಂಪಿನ ಗುಳ್ಳೆಗಳು ಏಳುತ್ತವೆ. ಕೆಲವು ತಳಿಗಳಿಗೆ, ವಿಶೇಷವಾಗಿ ಊಟದ ತಟ್ಟೆಯಷ್ಟು ದೊಡ್ಡ ಹೂವಿನವಕ್ಕೆ, ಐದಾರು ವಾರವೂ ಬೇಕಾಗುತ್ತದೆ. ಗಟ್ಟಿಯಾಗಿ ಇರುವಷ್ಟು ದಿನ ಎಸೆಯಬೇಡಿ.

ಕಣ್ಣು ಕಂಡ ಮೇಲೆ ಹರಿತವಾದ ಚಾಕುವಿನಿಂದ ತಲೆಯನ್ನು ಉದ್ದಕ್ಕೆ ಸೀಳಿ. ಒಂದೊಂದು ತುಂಡಿಗೂ ಕನಿಷ್ಠ ಒಂದು ಕಣ್ಣು, ಒಂದು ಹೆಬ್ಬೆರಳು ಗಾತ್ರದ ಗಡ್ಡೆ, ಎರಡರ ನಡುವೆ ಮುರಿಯದ ಕುತ್ತಿಗೆ ಇರಬೇಕು. ದೊಡ್ಡ ಗೊಂಚಲನ್ನು ಹಾಗೇ ನೆಡುವುದರಿಂದ ಲಾಭವಿಲ್ಲ. ಹತ್ತಾರು ಸಣಕಲು ಚಿಗುರು ಏಳುತ್ತವೆ, ನಡುವಿನ ಹಳೆಯ ಗಡ್ಡೆ ಮಳೆಗೆ ಕೊಳೆತು ಪಕ್ಕದವನ್ನೂ ಕೆಡಿಸುತ್ತದೆ. ಒಂದು ಗೊಂಚಲು ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಚಾಕುವನ್ನು ಉರಿಯಲ್ಲಿ ಹಿಡಿಯಿರಿ ಅಥವಾ ಸ್ಪಿರಿಟ್‌ನಲ್ಲಿ ಒರೆಸಿ. ನಂಜುರೋಗ (ವೈರಸ್ ರೋಗ) ಗಿಡದಿಂದ ಗಿಡಕ್ಕೆ ಹೋಗುವ ದಾರಿಗಳಲ್ಲಿ ಚಾಕುವೂ ಒಂದು.

ಕತ್ತರಿಸಿದ ಗಾಯಕ್ಕೆ ಒಲೆಯ ಜರಡಿ ಬೂದಿ ಅಥವಾ ಇದ್ದಿಲ ಪುಡಿ ಒತ್ತಿ, ಎರಡು ದಿನ ನೆರಳಿನಲ್ಲಿ ಬಿಡಿ. ಗಾಯದ ಮೇಲೆ ತೆಳುವಾದ ಒಣ ಪದರ ಕಟ್ಟಬೇಕು. ಈ ಎರಡು ದಿನದ ತಾಳ್ಮೆಯನ್ನು ನಾನು ಬೇರೆ ಯಾವ ಔಷಧಿಗಿಂತಲೂ ಹೆಚ್ಚೆಂದು ನಂಬುತ್ತೇನೆ. ಹಿಂದಿನ ವರ್ಷ ಕೊಳೆತ ಮಡಿಯಿಂದ ತೆಗೆದ ಗಡ್ಡೆಯಾಗಿದ್ದರೆ ಮಾತ್ರ, ಒಂದು ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕಲಸಿ, ಅದರಲ್ಲಿ ಕಾಲು ಗಂಟೆ ಅದ್ದಿ, ನಂತರ ಆರಿಸಿ.

ಮಡಿ ಮತ್ತು ಮಣ್ಣು

ಸಮತಟ್ಟು ನೆಲದಲ್ಲಿ ಗುಂಡಿ ತೋಡಿ ಡೇರೆ ನೆಡುವುದು ಮಲೆನಾಡಿಗೆ ಹೇಳಿದ್ದಲ್ಲ. ಗುಂಡಿ ಎಂದರೆ ಮಳೆಗಾಲದಲ್ಲಿ ಬಾವಿಯೇ. ಮೂರು ಅಡಿ ಅಗಲ, ಒಂದು ಅಡಿ ಎತ್ತರದ ಏರುಮಡಿ ಬೇಕು. ಎರಡು ಮಡಿಯ ನಡುವೆ ಒಂದೂವರೆ ಅಡಿ ದಾರಿ, ಆ ದಾರಿಯೇ ಬಸಿಗಾಲುವೆ. ಅದರ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲ ಜೋರು ಮಳೆಯಲ್ಲಿ ಕೊಡೆ ಹಿಡಿದು ನಿಂತು ನೋಡಿಕೊಳ್ಳಬೇಕು. ಅಂಚಿಗೆ ಅಡಿಕೆ ದಬ್ಬೆ ಅಥವಾ ಕಲ್ಲು ಕೊಟ್ಟರೆ ಮಣ್ಣು ಕುಸಿಯುವುದಿಲ್ಲ. ಸೂರಿನ ನೀರು ಬೀಳುವ ಗೆರೆಯಿಂದ ಎರಡಡಿಯಾದರೂ ದೂರ ಇರಲಿ. ಹೆಂಚಿನ ಮಾಡಿನಿಂದ ಇಳಿಯುವ ನೀರು ಮಣ್ಣನ್ನು ಕೊರೆದು ಗಡ್ಡೆಯ ತಲೆಯನ್ನು ಬಯಲು ಮಾಡುತ್ತದೆ, ಸಿಡಿದ ಕೆಸರು ಕೆಳಗಿನ ಎಲೆಗಳಿಗೆ ಮೆತ್ತಿ ಅಲ್ಲಿಂದಲೇ ಕೊಳೆ ಶುರುವಾಗುತ್ತದೆ.

ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ. ಡೇರೆಗೆ ರಸಸಾರ (pH) 6.5ರ ಆಸುಪಾಸು ಇದ್ದರೆ ಹಿತ. ಹಾಗಾಗಿ ನೆಡುವುದಕ್ಕೆ ಮೂರು ವಾರ ಮೊದಲೇ, ಒಂದು ಚದರ ಮೀಟರಿಗೆ ಒಂದು ದೊಡ್ಡ ಹಿಡಿ, ಅಂದರೆ 100 ಗ್ರಾಂನಷ್ಟು ಕೃಷಿ ಸುಣ್ಣ ಬೆರೆಸಿ ಬಿಡಿ. ಸುಣ್ಣ ಮತ್ತು ಸಗಣಿ ಗೊಬ್ಬರವನ್ನು ಒಂದೇ ದಿನ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಸುಣ್ಣ ಮೊದಲು, ಗೊಬ್ಬರ ಆಮೇಲೆ.

ಮಿಶ್ರಣಕ್ಕೆ ಎರಡು ಬುಟ್ಟಿ ಸುಡುಮಣ್ಣು ಅಥವಾ ಹಳೆಯ ಕೆಂಪುಮಣ್ಣು, ಒಂದು ಬುಟ್ಟಿ ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಬುಟ್ಟಿ ದಪ್ಪ ಹೊಳೆಮರಳು. ಸುಡುಮಣ್ಣು ಮಾಡುವ ರೂಢಿ ಇರುವ ಮನೆಗಳಲ್ಲಿ ಡೇರೆ ಚೆನ್ನಾಗಿ ಬರುವುದಕ್ಕೆ ಕಾರಣವಿದೆ. ಸುಟ್ಟ ಮಣ್ಣು ಹರಳುಹರಳಾಗಿ ನೀರು ಬಿಡುತ್ತದೆ, ಹುಳುವಿನ ಮೊಟ್ಟೆ ಮತ್ತು ಕಳೆಬೀಜ ಸತ್ತಿರುತ್ತವೆ, ಜೊತೆಗೆ ಬೂದಿಯ ಪೊಟ್ಯಾಷ್ ಸಿಗುತ್ತದೆ. ಗೊಬ್ಬರವನ್ನು ಕೈಯಲ್ಲಿ ಹರಡಿ ನೋಡಿಯೇ ಹಾಕಿ. ಅರೆಕಳಿತ ಸಗಣಿಯಲ್ಲಿ ಬಿಳಿ ಮೈ, ಕಂದು ತಲೆಯ ಗೊಣ್ಣೆಹುಳು ಸಿ ಆಕಾರದಲ್ಲಿ ಮುದುಡಿಕೊಂಡಿರುತ್ತವೆ. ಒಂದು ಉಳಿದರೂ ಎಳೆ ಬೇರನ್ನೆಲ್ಲ ತಿಂದು ಮುಗಿಸುತ್ತದೆ.

ಒಂದು ಗಿಡಕ್ಕೆ 100 ಗ್ರಾಂ ಬೇವಿನ ಹಿಂಡಿ, 50 ಗ್ರಾಂ ಎಲುಬಿನ ಪುಡಿ. ಎಲುಬಿನ ಪುಡಿ ಬಳಸದ ಮನೆಗಳಲ್ಲಿ ಅಷ್ಟೇ ತೂಕದ ಶಿಲಾರಂಜಕ ಹಾಕಬಹುದು. ಅದು ಹುಳಿ ಮಣ್ಣಿನಲ್ಲೇ ಚೆನ್ನಾಗಿ ಕರಗುವುದರಿಂದ, ಸುಣ್ಣ ಹಾಕಿದ ಮೇಲ್ಮಣ್ಣಿಗೆ ಬೆರೆಸದೆ ಗಡ್ಡೆಯ ಕೆಳಗಿನ ಪದರಕ್ಕೆ ಸೇರಿಸುವುದು ಸರಿ. ಕೊಳೆಯ ಭಯ ಇರುವಲ್ಲಿ 2 ಕಿಲೋ ಗೊಬ್ಬರಕ್ಕೆ 20 ಗ್ರಾಂ ಟ್ರೈಕೋಡರ್ಮಾ ಕಲಸಿ, ಪಸೆಯಾಗಿ, ನೆರಳಿನಲ್ಲಿ ಗೋಣಿ ಮುಚ್ಚಿ ಹತ್ತು ದಿನ ಇಟ್ಟು ನಂತರ ಮಡಿಗೆ ಹಾಕಿ. ಟ್ರೈಕೋಡರ್ಮಾ ಜೀವಂತ ಶಿಲೀಂಧ್ರ. ಅದು ಹಾಕಿದ ಮಣ್ಣಿಗೆ ತಾಮ್ರದ ಔಷಧಿ ಸುರಿದರೆ ಎರಡೂ ದಂಡ.

ಕುಂಡದಲ್ಲಿ ಬೆಳೆಸುವವರು ಸಣ್ಣ ಹೂವಿನ ತಳಿಗೆ 12 ಇಂಚು, ದೊಡ್ಡದಕ್ಕೆ 14 ರಿಂದ 16 ಇಂಚಿನ ಕುಂಡ ಆರಿಸಿಕೊಳ್ಳಿ. ಕುಂಡವನ್ನು ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲಿಡಿ. ತಳದ ತೂತು ಮುಚ್ಚಿಹೋಗುವುದು, ತೂತಿನಿಂದ ಎರೆಹುಳು, ಗೆದ್ದಲು ಒಳ ಸೇರುವುದು ಎರಡೂ ಇದರಿಂದ ತಪ್ಪುತ್ತದೆ.

ನೆಡುವ ಹೊತ್ತು

ಕೃತ್ತಿಕೆಯ ಕೊನೆ ಮತ್ತು ರೋಹಿಣಿ, ಅಂದರೆ ಮೇ 20ರಿಂದ ಜೂನ್ ಮೊದಲ ವಾರ, ಇದೇ ನೆಡುವ ಹೊತ್ತು. ಮೃಗಶಿರ ಹಿಡಿಯುವ ಹೊತ್ತಿಗೆ ಗಿಡಕ್ಕೆ ಎರಡು ಜೊತೆ ಎಲೆ ಇರಬೇಕು ಎಂಬುದೇ ಲೆಕ್ಕ. ಎಲೆ ಇದ್ದರೆ ಗಿಡ ನೀರು ಎಳೆದು ಗಾಳಿಗೆ ಬಿಡುತ್ತದೆ, ಬುಡ ಆರುತ್ತದೆ. ಎಲೆ ಇಲ್ಲದ ಗಡ್ಡೆ ನೀರು ಕುಡಿಯುವುದಿಲ್ಲ, ನೆನೆಯುತ್ತದೆ ಅಷ್ಟೇ. ಮೊದಲ ಗೇಣುದ್ದ ಚಿಗುರಿಗೆ ಬೇಕಾದ ಆಹಾರವೂ ನೀರೂ ಗಡ್ಡೆಯೊಳಗೇ ಇರುವುದರಿಂದ ನಾವು ಕೊಡಬೇಕಾದ್ದು ಏನೂ ಇರುವುದಿಲ್ಲ.

ತಡವಾದರೆ ಇನ್ನೊಂದು ತೊಂದರೆ. ಹಗಲು ಹನ್ನೆರಡು ಗಂಟೆಗಿಂತ ಕಿರಿದಾಗುತ್ತ ಬಂದಂತೆ ಡೇರೆ ತನ್ನ ಶಕ್ತಿಯನ್ನು ಗಡ್ಡೆಯ ಕಡೆ ತಿರುಗಿಸುತ್ತದೆ. ನಮ್ಮ ಅಕ್ಷಾಂಶದಲ್ಲಿ ಅತಿ ಉದ್ದದ ಹಗಲೂ ಹದಿಮೂರು ಗಂಟೆಯ ಹತ್ತಿರ. ಸೆಪ್ಟೆಂಬರ್ ಕೊನೆಗೆ ಅದು ಹನ್ನೆರಡಕ್ಕೆ ಇಳಿದಿರುತ್ತದೆ. ಗಿಡ ಮೈ ತುಂಬಿಕೊಳ್ಳಲು ಸಿಗುವುದು ಜೂನ್‌ನಿಂದ ಆಗಸ್ಟ್‌ವರೆಗಿನ ಮೂರೇ ತಿಂಗಳು. ಆರ್ದ್ರೆ ಮಳೆಯಲ್ಲಿ ನೆಟ್ಟ ಗಡ್ಡೆ ಬದುಕಿದರೂ ಗಿಡ ಗಿಡ್ಡವಾಗಿ, ಹೂ ಕಡಿಮೆಯಾಗಿ ಉಳಿಯುವುದು ಇದಕ್ಕೇ.

ನೆಡುವ ಮೊದಲು ಕೋಲು ಹುಗಿಯಿರಿ. ಆಮೇಲೆ ಹುಗಿದರೆ ಕತ್ತಲಲ್ಲಿ ಗಡ್ಡೆಗೆ ಚುಚ್ಚಿದ ಹಾಗೆ. ದೊಡ್ಡ ಹೂವಿನ ತಳಿಗೆ ನೆಲದ ಮೇಲೆ ನಾಲ್ಕೂವರೆ ಅಡಿ ಉಳಿಯುವ ಬಿದಿರು ಅಥವಾ ಅಡಿಕೆ ದಬ್ಬೆ, ಸಣ್ಣದಕ್ಕೆ ಎರಡೂವರೆ ಅಡಿ. ಕೋಲಿನಿಂದ ನಾಲ್ಕು ಬೆರಳು ದೂರದಲ್ಲಿ ಮೂರು ನಾಲ್ಕು ಇಂಚು ಆಳ ಮಾಡಿ, ಗಡ್ಡೆಯನ್ನು ಅಡ್ಡ ಮಲಗಿಸಿ, ಕಣ್ಣು ಮೇಲ್ಮುಖವಾಗಿ ಕೋಲಿನ ಕಡೆಗಿರಲಿ. ಹೊರದೇಶದ ಪುಸ್ತಕಗಳು ಆರು ಇಂಚು ಆಳ ಹೇಳುತ್ತವೆ. ಅದು ಚಳಿ, ಗಾಳಿಯ ಊರಿನ ಲೆಕ್ಕ, ನಮ್ಮಲ್ಲಿ ಅಷ್ಟು ಆಳ ಬೇಡ. ಮೊದಲು ಎರಡು ಇಂಚು ಮಣ್ಣು ಮುಚ್ಚಿ, ಚಿಗುರು ಮೇಲೆ ಬಂದಂತೆ ಉಳಿದದ್ದನ್ನು ಏರಿಸಿ. ಸಣ್ಣ ತಳಿಗೆ ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ದೊಡ್ಡದಕ್ಕೆ ಎರಡರಿಂದ ಎರಡೂವರೆ ಅಡಿ. ಮಣ್ಣು ತೇವವಿದ್ದರೆ ನೆಟ್ಟ ದಿನ ನೀರು ಹಾಕಲೇಬೇಡಿ. ಪೂರ್ತಿ ಒಣಗಿದ್ದರೆ ನೆಡುವ ಹಿಂದಿನ ದಿನ ಮಡಿ ನೆನೆಸಿ, ಆಮೇಲೆ ನೆಡಿ.

ನೆಟ್ಟ ಮೇಲೆ ಹತ್ತು ಹನ್ನೆರಡು ದಿನ ಏನೂ ಕಾಣದಿದ್ದರೆ ಕೆದಕಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಮಣ್ಣಿನೊಳಗಿನ ಚಿಗುರು ಬಿಳಿಯಾಗಿ, ಗಾಜಿನ ಕಡ್ಡಿಯಷ್ಟು ಬಿರುಸಾಗಿ ಇರುತ್ತದೆ. ಬೆರಳು ತಾಗಿದರೆ ಸಾಕು, ತಲೆಯಿಂದ ಕಳಚಿಬರುತ್ತದೆ. ಜಗಲಿಯ ಬುಟ್ಟಿಯಲ್ಲಿ ಕಣ್ಣು ನೋಡಿಯೇ ನೆಟ್ಟಿದ್ದರೆ ಈ ಚಿಂತೆ ಇರುವುದಿಲ್ಲ.

ಹೆಸರು ಚೀಟಿಯನ್ನು ಅದೇ ದಿನ ಕಟ್ಟಿ. ಮಾರ್ಕರ್ ಶಾಯಿ ಆಷಾಢದ ಮಳೆಗೆ ಉಳಿಯುವುದಿಲ್ಲ. ಅಲ್ಯೂಮಿನಿಯಂ ಡಬ್ಬಿಯ ತಗಡು ಕತ್ತರಿಸಿ ಮೊಳೆಯಲ್ಲಿ ಗೀಚಿ ಬರೆದರೆ ಗಡ್ಡೆ ಕೀಳುವವರೆಗೂ ಓದಬಹುದು.

ಚಿಗುರು ಆರಿಸುವುದು, ಕುಡಿ ಚಿವುಟುವುದು

ಚೆನ್ನಾದ ಗಡ್ಡೆಯಿಂದ ನಾಲ್ಕೈದು ಚಿಗುರು ಒಟ್ಟಿಗೇ ಏಳುತ್ತವೆ. ಎಲ್ಲವನ್ನೂ ಬಿಟ್ಟರೆ ಬುಡ ಗಿಜಿಗುಟ್ಟಿ ಗಾಳಿಯಾಡುವುದಿಲ್ಲ. ದೊಡ್ಡ ಹೂವಿಗೆ ಒಂದು, ಮಧ್ಯಮಕ್ಕೆ ಎರಡು, ಪುಟ್ಟ ಹೂವಿನ ಗಿಡಕ್ಕೆ ಮೂರು ಚಿಗುರು ಉಳಿಸಿ. ತೆಗೆದ ಚಿಗುರು ಎಸೆಯುವಂಥದ್ದಲ್ಲ. ಮೂರು ಇಂಚು ಉದ್ದವಿದ್ದಾಗ, ಇನ್ನೂ ಒಳಗೆ ಗಟ್ಟಿಯಿರುವಾಗ, ತಲೆಯ ಒಂದು ಚೂರು ಸಿಪ್ಪೆ ಬುಡಕ್ಕೆ ಅಂಟಿಕೊಳ್ಳುವಂತೆ ಬ್ಲೇಡಿನಲ್ಲಿ ಕೊಯ್ಯಿರಿ. ಕೆಳಗಿನ ಎಲೆ ತೆಗೆದು, ಮರಳು ಮತ್ತು ನಾರಿನ ಪುಡಿ ಸಮ ಬೆರೆಸಿದ ಲೋಟದಲ್ಲಿ ಒಂದು ಇಂಚು ಊರಿ, ಮಳೆ ತಾಗದ ಬೆಳಕಿನ ಜಾಗದಲ್ಲಿಟ್ಟರೆ ಎರಡು ಮೂರು ವಾರದಲ್ಲಿ ಬೇರು. ಕಾಂಡ ಟೊಳ್ಳಾದ ಮೇಲೆ ಕೊಯ್ದ ಕಡ್ಡಿ ಸಾಮಾನ್ಯವಾಗಿ ಬೇರಿಡದೆ ಕಪ್ಪಾಗುತ್ತದೆ. ಕಡ್ಡಿಯಿಂದ ಬಂದ ಗಿಡ ಅದೇ ವರ್ಷ ಹೂವನ್ನೂ ಕೊಡುತ್ತದೆ, ಗಡ್ಡೆಯನ್ನೂ ಕಟ್ಟುತ್ತದೆ. ಅಪರೂಪದ ಬಣ್ಣವಿದ್ದರೆ ಹೀಗೆ ಎರಡು ಕಡ್ಡಿ ಮಾಡಿ ಬೇರೆ ಜಾಗದಲ್ಲಿ ಇಟ್ಟುಕೊಳ್ಳಲೇಬೇಕು. ತಾಯಿ ಗಡ್ಡೆ ಮಳೆಗೆ ಹೋದರೂ ತಳಿ ಉಳಿಯುತ್ತದೆ, ನೆಂಟರಿಗೆ ಕೊಡುವುದಕ್ಕೂ ಆಗುತ್ತದೆ.

ಉಳಿಸಿದ ಚಿಗುರು ಒಂದಡಿ ಎತ್ತರವಾಗಿ ನಾಲ್ಕು ಜೊತೆ ಎಲೆ ಬಿಟ್ಟಾಗ ಕುಡಿ ಚಿವುಟುವ ಕಾಲ. ರೋಹಿಣಿಯಲ್ಲಿ ನೆಟ್ಟಿದ್ದರೆ ಅದು ಆರ್ದ್ರೆಯ ಹೊತ್ತಿಗೆ, ಜೂನ್ ಕೊನೆಗೆ ಬರುತ್ತದೆ. ಚಿವುಟದೆ ಬಿಟ್ಟ ಗಿಡ ಒಂಟಿ ಕಡ್ಡಿಯಾಗಿ ಮೇಲೆದ್ದು, ತುದಿಯಲ್ಲಿ ಒಂದು ಹೂ ಬಿಟ್ಟು, ಗಾಳಿಗೆ ಮಲಗುತ್ತದೆ. ಚಿವುಟಿದ ಗಿಡದ ಪ್ರತಿ ಎಲೆಯ ಕಂಕುಳಿಂದ ಕವಲೊಡೆದು ಆರೆಂಟು ರೆಂಬೆ ಬರುತ್ತವೆ. ಮೊದಲ ಹೂ ಎರಡು ವಾರದಷ್ಟು ತಡವಾಗುವುದು ನಿಜ, ಆದರೆ ಆ ಎರಡು ವಾರಕ್ಕೆ ಸಿಗುವ ಹೂವಿನ ಲೆಕ್ಕ ಬೇರೆಯೇ. ದೊಡ್ಡ ಹೂವಿನ ತಳಿಗೂ ಚಿವುಟಬೇಕು. ಅದರಲ್ಲಿ ಮೂರು ನಾಲ್ಕು ಕವಲು ಮಾತ್ರ ಉಳಿಸಿಕೊಂಡರಾಯಿತು.

ಚಿವುಟುವ ರೀತಿಯಲ್ಲೇ ಮಳೆಗಾಲದ ಗುಟ್ಟಿದೆ. ಡೇರೆಯ ಕಾಂಡ ತುದಿಯಲ್ಲಿ ಗಟ್ಟಿ, ಕೆಳಗಿಳಿದಂತೆ ಗಂಟಿನಿಂದ ಗಂಟಿಗೆ ಟೊಳ್ಳು. ಮೇಲಿನ ಮಿದುವಾದ ಕುಡಿಯನ್ನು, ಎರಡು ಎಳೆ ಎಲೆಗಳ ನಡುವೆ ಕಡ್ಲೆಕಾಳಿನಷ್ಟಿರುವ ಮೊಗ್ಗೆಯನ್ನು, ಉಗುರಿನಲ್ಲಿ ತೆಗೆದರೆ ಗಾಯ ಸಣ್ಣದು. ಒಂದೇ ದಿನದಲ್ಲಿ ಒಣಗುತ್ತದೆ. ಗಿಡ ಎರಡಡಿಯಾಗುವವರೆಗೆ ಸುಮ್ಮನಿದ್ದು ಆಮೇಲೆ ಕತ್ತರಿಯಲ್ಲಿ ನಡುವೆ ಕತ್ತರಿಸಿದರೆ ಕಾಂಡದ ಕೊಳವೆ ಬಾಯ್ತೆರೆಯುತ್ತದೆ. ಅದರೊಳಗೆ ಮಳೆನೀರು ತುಂಬಿ, ಕೆಳಗಿನ ಗಂಟಿನವರೆಗೆ ಕಾಂಡ ಕೊಳೆತು ಕಂದುಬಣ್ಣದ ಲೋಳೆಯಾಗುತ್ತದೆ. ತಡವಾಗಿಯೇ ಹೋಗಿದ್ದರೆ ಗಂಟಿನ ಮೇಲಕ್ಕೆ ಒತ್ತಿಕೊಂಡೇ ಓರೆಯಾಗಿ ಕತ್ತರಿಸಿ, ತೂತಿಗೆ ಕರಗಿದ ಮೇಣದ ಹನಿ ಬಿಡಿ. ಮಳೆ ಹೊಳವಾದ ದಿನ ಬೆಳಿಗ್ಗೆ ಈ ಕೆಲಸ ಮಾಡಿದರೆ ಸಂಜೆಯೊಳಗೆ ಗಾಯ ಆರಿರುತ್ತದೆ.

ಒಂದಡಿ ಗಿಡದಲ್ಲೇ ಮೊಗ್ಗು ಕಾಣಿಸಿಕೊಂಡರೆ ತೆಗೆದುಬಿಡಿ. ಮನಸ್ಸು ಒಪ್ಪುವುದಿಲ್ಲ, ಆದರೂ ತೆಗೆಯಿರಿ.

ಕಟ್ಟುವುದಕ್ಕೆ ಬಾಳೆಪಟ್ಟೆಗಿಂತ ಒಳ್ಳೆಯದು ನಾನು ಕಂಡಿಲ್ಲ. ಎಂಟರ ಆಕಾರದಲ್ಲಿ ಒಂದು ಸುತ್ತು ಕೋಲಿಗೆ, ಒಂದು ಸುತ್ತು ಕಾಂಡಕ್ಕೆ, ಕಾಂಡದ ಕಡೆ ಒಂದು ಬೆರಳು ತೂರುವಷ್ಟು ಸಡಿಲ. ಮೊದಲ ಕಟ್ಟು ಒಂದು ಗೇಣಿನ ಎತ್ತರಕ್ಕೆ, ಆಮೇಲೆ ಒಂದೊಂದು ಅಡಿಗೆ ಒಂದು. ಪ್ಲಾಸ್ಟಿಕ್ ಹುರಿ ಗಾಳಿಗೆ ಟೊಳ್ಳು ಕಾಂಡವನ್ನು ಚಾಕುವಿನ ಹಾಗೆ ಕುಯ್ಯುತ್ತದೆ. ಬಾಳೆಪಟ್ಟೆ ಒಂದೆರಡು ತಿಂಗಳಿಗೆ ಕರಗಿ ಹೋಗುವುದರಿಂದ ಮತ್ತೊಮ್ಮೆ ಕಟ್ಟಬೇಕಾಗುತ್ತದೆ, ಅಷ್ಟೇ.

ಗೊಬ್ಬರಕ್ಕೆ ಅವಸರವಿಲ್ಲ

ಕುಡಿ ಚಿವುಟುವವರೆಗೆ ಮಡಿಗೆ ಮೊದಲೇ ಹಾಕಿದ್ದು ಸಾಕು. ಚಿವುಟಿದ ನಾಲ್ಕೈದು ದಿನಕ್ಕೆ ಮೊದಲ ಊಟ: ಬುಡದಿಂದ ಒಂದು ಗೇಣು ದೂರದಲ್ಲಿ ಸುತ್ತಲೂ ಒಂದು ಬೊಗಸೆ ಎರೆಗೊಬ್ಬರ, ಅದರ ಮೇಲೆ ಎರಡು ಇಂಚು ಮಣ್ಣು ಏರಿಸುವುದು. ರಾಸಾಯನಿಕ ಬಳಸುವವರು 17:17:17 ಮಿಶ್ರಗೊಬ್ಬರವನ್ನು ಗಿಡಕ್ಕೆ ಒಂದು ಚಮಚ, ಅಂದರೆ 5 ಗ್ರಾಂನಷ್ಟು ಅದೇ ದೂರದಲ್ಲಿ ಮಣ್ಣಿಗೆ ಬೆರೆಸಬಹುದು, ಮೂರು ವಾರಕ್ಕೆ ಒಮ್ಮೆ. ಯೂರಿಯಾ ಬೇಡವೇ ಬೇಡ. ಅದು ಕಾಂಡವನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಮಳೆಗಾಳಿಗೆ ಅಂಥ ಗಿಡ ನಿಲ್ಲುವುದಿಲ್ಲ, ಗಡ್ಡೆಯೂ ಕಾಪಿಟ್ಟಾಗ ಬೇಗ ಕೆಡುತ್ತದೆ. ಶೇಂಗಾ ಹಿಂಡಿ ನೆನೆಸಿದ ನೀರು, ಸಗಣಿ ಬಗ್ಗಡ ಎಲ್ಲ ಒಳ್ಳೆಯದೇ, ಆದರೆ ಜೋರು ಮಳೆಯ ದಿನಗಳಲ್ಲಿ ಸುರಿದದ್ದು ಬಸಿಗಾಲುವೆಗೆ ಹೋಗುತ್ತದೆ. ಅವನ್ನು ಆಗಸ್ಟ್‌ನ ಹೊಳವಿಗೆ ಇಟ್ಟುಕೊಳ್ಳಿ.

ಈ ಹೊತ್ತಿನ ಶತ್ರುಗಳು

ಎಳೆ ಡೇರೆಗೆ ಬಸವನಹುಳು ಮತ್ತು ಚಿಪ್ಪಿಲ್ಲದ ಸಿಂಬಳದ ಹುಳು ಮಾಡುವಷ್ಟು ಹಾನಿ ಬೇರೆ ಯಾವುದೂ ಮಾಡುವುದಿಲ್ಲ. ರಾತ್ರಿ ಇದ್ದ ನಾಲ್ಕು ಎಲೆಯ ಚಿಗುರು ಬೆಳಿಗ್ಗೆ ಮೋಟು ಕಡ್ಡಿಯಾಗಿ, ಸುತ್ತ ಬೆಳ್ಳಿಗೆರೆಯಂಥ ಲೋಳೆ ಒಣಗಿದ್ದರೆ ಅವುಗಳದ್ದೇ ಕೆಲಸ. ಕಾಂಡ ಬುಡದಲ್ಲಿ ಕತ್ತರಿಸಿ ಬಿದ್ದಿದ್ದು ಲೋಳೆ ಇಲ್ಲದಿದ್ದರೆ ಅದು ಕತ್ತರಿಹುಳು. ಅಲ್ಲೇ ಒಂದು ಇಂಚು ಮಣ್ಣು ಕೆದಕಿದರೆ ಬೂದುಬಣ್ಣದ ಹುಳು ಸುರುಳಿ ಸುತ್ತಿಕೊಂಡು ಸಿಗುತ್ತದೆ. ಯಾವುದೇ ಆಗಲಿ, ಚಿಗುರು ಹೋಯಿತೆಂದು ಗಡ್ಡೆ ಕೀಳಬೇಡಿ. ತಲೆಯಲ್ಲಿ ಇನ್ನೂ ಕಣ್ಣಿದ್ದರೆ ಹದಿನೈದು ದಿನದಲ್ಲಿ ಮತ್ತೆ ಏಳುತ್ತದೆ.

ಬಸವನಹುಳುವಿಗೆ ಸುಣ್ಣದ ಗೆರೆ, ಬೂದಿಯ ಗೆರೆ ಎಳೆಯುವುದು ಬೇಸಿಗೆಯ ಉಪಾಯ. ಒಂದು ಮಳೆಗೆ ಗೆರೆ ಕರಗಿತು, ಕೆಲಸ ಮುಗಿಯಿತು. ನಿಜವಾಗಿ ಉಪಯೋಗಕ್ಕೆ ಬರುವುದು ಎರಡು. ನೀರಿನ ಬಾಟಲಿಯನ್ನು ನಾಲ್ಕು ಇಂಚಿನ ಬಳೆಗಳಾಗಿ ಕತ್ತರಿಸಿ, ಪ್ರತಿ ಚಿಗುರಿನ ಸುತ್ತ ಒಂದು ಇಂಚು ಮಣ್ಣಿಗೆ ಒತ್ತುವುದು. ಇದು ಕತ್ತರಿಹುಳುವನ್ನೂ ತಡೆಯುತ್ತದೆ. ಮತ್ತೊಂದು, ಸಂಜೆ ಮಡಿಯ ಪಕ್ಕ ಒದ್ದೆ ಗೋಣಿ ಹಾಸಿ ಅದರ ಕೆಳಗೆ ಪಪ್ಪಾಯಿ ಎಲೆ ಇಟ್ಟು, ಎಂಟೊಂಬತ್ತು ಗಂಟೆಗೆ ಟಾರ್ಚ್ ಹಿಡಿದು ಹೋಗಿ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದು. ಆಫ್ರಿಕನ್ ಬಸವನಹುಳುವನ್ನು ಬರಿಗೈಯಲ್ಲಿ ಮುಟ್ಟಬಾರದು, ಅದರಿಂದ ಮನುಷ್ಯರಿಗೆ ಹತ್ತುವ ಪರೋಪಜೀವಿ ಹುಳು ಇರುವುದುಂಟು. ಉಪ್ಪನ್ನು ಮಡಿಯ ಮೇಲೆ ಎರಚಬೇಡಿ, ಗಿಡಕ್ಕೆ ವಿಷ. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆ ಕೆಲಸ ಮಾಡುತ್ತದೆ, ಆದರೆ ನಾಯಿ, ಕೋಳಿ ತಿಂದರೆ ಸಾಯುತ್ತವೆ. ಅವು ಓಡಾಡುವ ಅಂಗಳದಲ್ಲಿ ಅದನ್ನು ತರಲೇಬಾರದು.

ದರಕು, ಅಂದರೆ ಒಣ ತರಗೆಲೆ, ಮುಚ್ಚುವುದರಿಂದ ಮಳೆಹನಿಯ ಹೊಡೆತ ತಪ್ಪುತ್ತದೆ, ಮಣ್ಣು ಗಡುಸಾಗುವುದಿಲ್ಲ. ಆದರೆ ಕಾಂಡಕ್ಕೆ ತಾಗಿದ ದರಕು ಸಿಂಬಳದ ಹುಳುವಿನ ಮನೆ. ಬುಡದ ಸುತ್ತ ನಾಲ್ಕು ಇಂಚು ಬರಿನೆಲ ಬಿಟ್ಟು ಆಚೆಗೆ ಹರಡಿ.

ಪುನರ್ವಸು, ಪುಷ್ಯದ ಧಾರಾಕಾರ ಮಳೆಗೆ, ಜುಲೈ ಪೂರ್ತಿ, ಮಡಿಯ ಮೇಲೆ ಐದಡಿ ಎತ್ತರದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಚಪ್ಪರ ಹಾಕಿದರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ. ನಾಲ್ಕೂ ಬದಿ ತೆರೆದಿರಬೇಕು, ಇಲ್ಲದಿದ್ದರೆ ಒಳಗಿನ ಹಬೆಗೆ ಎಲೆ ಕೊಳೆಯುತ್ತದೆ. ಅಡಿಕೆ ಸೋಗೆ ಹೊದೆಸಿದರೆ ಮಳೆ ತಡೆದರೂ ಬೆಳಕು ಸಾಲದೆ ಗಿಡ ಸೊರಗುತ್ತದೆ.

ಮಣ್ಣು ಒದ್ದೆಯಿದ್ದೂ ಗಿಡ ಬಾಡಿದರೆ ನೀರು ಹಾಕುವುದು ದೊಡ್ಡ ತಪ್ಪು. ಬುಡದ ಮಣ್ಣನ್ನು ಮೆಲ್ಲಗೆ ಸರಿಸಿ ಕುತ್ತಿಗೆಯನ್ನು ಮುಟ್ಟಿ ನೋಡಿ. ಗಟ್ಟಿಯಾಗಿ ಬಿಳಿಚಾಗಿದ್ದರೆ ಬಸಿಗಾಲುವೆ ಆಳ ಮಾಡಿ, ಎರಡು ದಿನ ಬುಡ ತೆರೆದಿಡಿ, ಗಿಡ ಸುಧಾರಿಸುತ್ತದೆ. ಕಂದಾಗಿ ಮೆತ್ತಗಿದ್ದರೆ ಮೊದಲು ತುದಿಯ ಗಟ್ಟಿ ಕುಡಿಗಳನ್ನು ಕಡ್ಡಿಗೆ ತೆಗೆದುಕೊಳ್ಳಿ, ಆಮೇಲೆ ಗಡ್ಡೆ ಕಿತ್ತು ಕೊಳೆತದ್ದನ್ನು ಕತ್ತರಿಸಿ, ಬೂದಿ ಹಚ್ಚಿ, ಒಣ ಮರಳಿನಲ್ಲಿ ಮಲಗಿಸಿ. ಆ ಜಾಗದ ಮಣ್ಣಿಗೆ ಮತ್ತು ಅಕ್ಕಪಕ್ಕದ ಗಿಡಗಳ ಬುಡಕ್ಕೆ, ಟ್ರೈಕೋಡರ್ಮಾ ಹಾಕಿರದಿದ್ದರೆ, ಅಡಿಕೆಗೆ ಮಾಡುವ ಶೇ. 1ರ ಬೋರ್ಡೋ ದ್ರಾವಣವನ್ನೇ ಅರ್ಧ ಲೀಟರಿನಂತೆ ಸುರಿಯಬಹುದು. ಲೀಟರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ, ಅದೇ ದಿನ ಮಾಡಿದ್ದು. ಎಳೆ ಎಲೆಗೆ ಸಿಂಪಡಿಸಬೇಡಿ. ಬಿಸಿಲಿಲ್ಲದೆ ಎಲೆ ಆರದ ದಿನಗಳಲ್ಲಿ ತಾಮ್ರ ಅಂಚು ಸುಡುತ್ತದೆ.

ಕೆಳಗಿನ ಎಲೆಗಳು ನರ ಹಸಿರಾಗಿದ್ದು ನಡುವೆ ಮಾತ್ರ ಹಳದಿಯಾದರೆ ಮೆಗ್ನೀಷಿಯಂ ತೊಳೆದುಹೋಗಿದೆ ಎಂದರ್ಥ. ಲೀಟರಿಗೆ 5 ಗ್ರಾಂ ಎಪ್ಸಮ್ ಉಪ್ಪು ಕರಗಿಸಿ ಹೊಳವಿನಲ್ಲಿ ಎಲೆಗೆ ಸಿಂಪಡಿಸಿ. ಅದಕ್ಕೆ ತಿರುಗುಮುರುಗಾಗಿ, ಹೊಸ ಎಲೆಯ ನರದ ಉದ್ದಕ್ಕೇ ಹಳದಿ ಪಟ್ಟೆ ಎದ್ದು, ಎಲೆ ಸುರುಟಿ, ಗಿಡ ಕುಳ್ಳಾಗಿ ನಿಂತರೆ ಅದು ನಂಜುರೋಗ. ಇದಕ್ಕೆ ಮದ್ದಿಲ್ಲ. ಸಸ್ಯಹೇನು ಅದನ್ನು ಇಡೀ ಅಂಗಳಕ್ಕೆ ಹಬ್ಬಿಸುವ ಮೊದಲು ಗಡ್ಡೆ ಸಮೇತ ಕಿತ್ತು ಸುಡಿ. ಅಂಥ ಗಿಡದ ಒಂದು ಕಡ್ಡಿಯನ್ನೂ ಯಾರಿಗೂ ಕೊಡಬೇಡಿ. ಗಡ್ಡೆ ಹಂಚಿಕೊಂಡೇ ಬೆಳೆದು ಬಂದ ಹೂವಿದು, ರೋಗವೂ ಅದೇ ದಾರಿಯಲ್ಲಿ ಮನೆಯಿಂದ ಮನೆಗೆ ಹೋಗುತ್ತದೆ.

ಬಯಲುಸೀಮೆಯವರಿಗೆ

ಬೆಂಗಳೂರು, ಮೈಸೂರು, ಹಾಸನದ ಕಡೆ ಜೂನ್ ಕೊನೆಯಲ್ಲಿ ನೆಟ್ಟರೂ ನಡೆಯುತ್ತದೆ. ಮಳೆ ಹದ, ಸೆಕೆ ಇಳಿದಿರುತ್ತದೆ. ಏರುಮಡಿ ಅರ್ಧ ಅಡಿ ಸಾಕು, ಸುಣ್ಣವನ್ನು ಮಣ್ಣು ಪರೀಕ್ಷೆ ಮಾಡಿಸದೆ ಹಾಕಬೇಡಿ. ಇಲ್ಲಿನ ತೊಂದರೆ ಮಳೆ ಬಿಟ್ಟಾಗಿನದ್ದು: ಒಣಹವೆಯಲ್ಲಿ ನುಸಿ, ಥ್ರಿಪ್ಸ್ ಏರುತ್ತವೆ. ಎಲೆಯ ಕೆಳಮೈಗೆ ಬೆಳಿಗ್ಗೆ ರಭಸವಾಗಿ ನೀರು ಹೊಡೆದರೆ ನುಸಿ ಹಿಡಿತಕ್ಕೆ ಬರುತ್ತದೆ. ನಾಲ್ಕು ಜೊತೆ ಎಲೆ ಬಂದ ಮೇಲೆ ವಾರಕ್ಕೆ ಎರಡು ಸಲ ಬುಡಕ್ಕೆ ಆಳವಾಗಿ ನೀರು ಕೊಡಿ, ದಿನಾ ಚಿಮುಕಿಸುವುದು ಬೇಡ. ಲಾಲ್‌ಬಾಗ್‌ನ ಜನವರಿ ಪ್ರದರ್ಶನದ ಹೊತ್ತಿಗೆ ಮನೆಯಲ್ಲೂ ಹೂ ಬೇಕೆನ್ನುವವರು ಅಕ್ಟೋಬರ್ ಮೊದಲ ವಾರದೊಳಗೆ ಬೇರುಬಿಟ್ಟ ಕಡ್ಡಿಗಳನ್ನು ಕುಂಡಕ್ಕೆ ಹಾಕಬೇಕು. ಆಗ ಹಗಲು ಚಿಕ್ಕದಾದ್ದರಿಂದ ಗಿಡ ಎತ್ತರ ಬರುವುದಿಲ್ಲ, ಮೂರನೆಯ ಜೊತೆ ಎಲೆಗೇ ಚಿವುಟಿ. ಕಲಬುರಗಿ, ರಾಯಚೂರು, ಬಳ್ಳಾರಿಯ ಬಿಸಿಲಿಗೆ ಜೂನ್ ನಾಟಿ ಹೊಂದುವುದಿಲ್ಲ. ಅಲ್ಲಿ ಅಕ್ಟೋಬರ್ ಒಂದೇ ಕಾಲ, ಮಧ್ಯಾಹ್ನದ ನಂತರ ನೆರಳು ಬೀಳುವ ಜಾಗ ನೋಡಿಕೊಳ್ಳಿ.